ಕಾಣದ ಕೆಚ್ಚಲು ಬಾವು: ಹಾಲಿನಲ್ಲೇ ಪತ್ತೆ ಮಾಡಿದ ನನ್ನ ಅನುಭವ

ಕೆಚ್ಚಲು ಊದಿ, ಬಿಸಿಯಾಗಿ, ಹಾಲಿನಲ್ಲಿ ಗಡ್ಡೆ ಬಂದರೆ ಕೆಚ್ಚಲು ಬಾವು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಕಷ್ಟ ಕೊಡುವುದು ಕಾಣದ ಬಾವು. ಹಸು ಚೆನ್ನಾಗಿ ಮೇಯುತ್ತದೆ, ಜ್ವರ ಇಲ್ಲ, ಹಾಲೂ ಬೆಳ್ಳಗೇ ಇದೆ. ಆದರೆ ದಿನ ಕಳೆದಂತೆ ಹಾಲು ಇಳಿಯುತ್ತದೆ, ಡೈರಿಯಲ್ಲಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಅಂಶ) ಕಡಿಮೆ ಬರುತ್ತದೆ. ನಾವು ಮೇವು ಸಾಲದೇನೋ ಅಂತ ಹಿಂಡಿ ಜಾಸ್ತಿ ಹಾಕುತ್ತೇವೆ. ಸೋಂಕು ಯಾವುದೋ ಒಂದು ಮೊಲೆಯಲ್ಲಿ ಕೂತಿರುತ್ತದೆ.

ನಮ್ಮ ಕೊಟ್ಟಿಗೆಯಲ್ಲಿರುವುದು ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು. ಪಶು ಆಸ್ಪತ್ರೆಯ ಡಾಕ್ಟ್ರು ಒಮ್ಮೆ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್), ಅಂದರೆ ಹಾಲಿನಲ್ಲೇ ಕೆಚ್ಚಲು ಬಾವು ಪತ್ತೆ ಮಾಡುವ ಪರೀಕ್ಷೆ ಮಾಡಿ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ 1957ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು. ಆಮೇಲಿಂದ ಪ್ರತಿ ತಿಂಗಳೂ ನಾನೇ ಮಾಡುತ್ತೇನೆ. ಬೇಕಾಗುವುದು ನಾಲ್ಕು ಬಟ್ಟಲಿರುವ ಒಂದು ಪ್ಲಾಸ್ಟಿಕ್ ತಟ್ಟೆ ಮತ್ತು ಒಂದು ಬಾಟಲಿ ನೇರಳೆ ದ್ರಾವಣ, ಅಷ್ಟೇ.

ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ. ಆಮೇಲೆ ಒಂದೊಂದು ಮೊಲೆಯ ಹಾಲು ಒಂದೊಂದು ಬಟ್ಟಲಿಗೆ, ಸುಮಾರು 2 ಮಿಲಿ. ಅಷ್ಟೇ ದ್ರಾವಣ ಹಾಕಿ, ತಟ್ಟೆಯನ್ನು ಮೆಲ್ಲಗೆ ಸುತ್ತ ತಿರುಗಿಸಬೇಕು. ಹತ್ತು ಸೆಕೆಂಡ್ ಆಗುತ್ತಿದ್ದಂತೆ, ತಿರುಗಿಸುತ್ತಲೇ ನೋಡಿ. ತಡ ಮಾಡಿದರೆ ತೆಳು ಲೋಳೆ ಕರಗಿಹೋಗಿ, ಏನೂ ಇಲ್ಲ ಅನ್ನಿಸಿಬಿಡುತ್ತದೆ.

ಒಳ್ಳೆಯ ಹಾಲು ನೀರಾಗಿಯೇ ಹರಿಯುತ್ತದೆ. ಸೋಂಕಿದ್ದರೆ ಹಾಲು ಮೊಟ್ಟೆಯ ಬಿಳಿಯ ಹಾಗೆ ಲೋಳೆಯಾಗುತ್ತದೆ. ಸೋಂಕಾದ ಕಡೆಗೆ ಬಿಳಿ ರಕ್ತಕಣಗಳು ಬಂದು ಸೇರಿರುತ್ತವೆ. ದ್ರಾವಣದಲ್ಲಿರುವ ಸೋಪಿನಂಶ ಅವನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಲೋಳೆ ಕಟ್ಟುತ್ತದೆ. ಆರೋಗ್ಯವಾಗಿರುವ ಮೊಲೆಯ ಹಾಲಿನಲ್ಲಿ ಮಿಲಿಗೆ ಸಾಮಾನ್ಯವಾಗಿ 2 ಲಕ್ಷಕ್ಕಿಂತ ಕಡಿಮೆ ಕಣಗಳಿರುತ್ತವೆ. ಲೋಳೆ ಗಟ್ಟಿಯಾಗಿ ಬಟ್ಟಲಿನ ನಡುವೆ ಗುಪ್ಪೆ ಕಟ್ಟಿದರೆ 50 ಲಕ್ಷ ದಾಟಿದೆ ಎಂದು ಲೆಕ್ಕ.

ಕ್ಯಾನಿನ ಹಾಲನ್ನು ಪರೀಕ್ಷಿಸಿ ಸುಮ್ನೆ ಸಮಾಧಾನಪಡಬೇಡಿ. ಮೂರು ಮೊಲೆಯ ಒಳ್ಳೆಯ ಹಾಲು ಒಂದು ಮೊಲೆಯ ಕೆಟ್ಟ ಹಾಲನ್ನು ಮುಚ್ಚಿಬಿಡುತ್ತದೆ. ನಮ್ಮ ಗೌರಿಯಲ್ಲಿ ಆದದ್ದೂ ಇದೇ. ಅವಳ ಹಾಲು ಒಟ್ಟಿಗೆ ನೋಡಿದರೆ ಏನೂ ಅನ್ನಿಸುತ್ತಿರಲಿಲ್ಲ. ತಟ್ಟೆಯಲ್ಲಿ ಮಾತ್ರ ಬಲಗಡೆ ಹಿಂದಿನ ಮೊಲೆ ಎದ್ದು ಕಂಡಿತು.

ಪರೀಕ್ಷೆ ಸೋಂಕಿದೆ ಎಂದು ಹೇಳುತ್ತದೆ, ಯಾವ ರೋಗಾಣು ಎಂದು ಹೇಳುವುದಿಲ್ಲ. ಹಾಗಾಗಿ ಅಂದಾಜಿನ ಮೇಲೆ ಮೊಲೆಯೊಳಗೆ ಔಷಧದ ಟ್ಯೂಬ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಡಾಕ್ಟ್ರು ಮೊಲೆಯ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಶುದ್ಧ ಬಾಟಲಿಯಲ್ಲಿ ಹಾಲು ಹಿಡಿದು, ಐಸ್‌ನಲ್ಲಿಟ್ಟು ಲ್ಯಾಬಿಗೆ ಕಳಿಸಿದರು. ವರದಿಯಲ್ಲಿ ಬಂದದ್ದು ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಇದು ಕರೆಯುವವರ ಕೈಯಿಂದ, ಒರೆಸುವ ಬಟ್ಟೆಯಿಂದ, ಮೆಷಿನ್ನಿನ ಕಪ್ಪಿನಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅಂದಿನಿಂದ ಗೌರಿಯನ್ನು ಕೊನೆಗೆ ಕರೆಯುತ್ತೇವೆ. ಹಸುವಿಗೊಂದು ಬಟ್ಟೆ. ಕರೆದ ಕೂಡಲೇ ಎಲ್ಲಾ ಮೊಲೆಗಳನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದುತ್ತೇವೆ. ಮೊಲೆಯ ಬಾಯಿ ಮುಚ್ಚಲು ಸಮಯ ಬೇಕಲ್ವಾ, ಅದಕ್ಕೆ ಕರೆದ ಮೇಲೆ ಮೇವು ಹಾಕಿ ಅರ್ಧ ಗಂಟೆಯಾದರೂ ನಿಂತಿರುವಂತೆ ನೋಡಿಕೊಳ್ಳುತ್ತೇವೆ.

ಇನ್ನೊಂದು ಮಾತು. ಈಗತಾನೇ ಕರು ಹಾಕಿದ ಹಸುವಿನಲ್ಲೂ, ಬತ್ತುವ ಹೊತ್ತಿನಲ್ಲೂ ಸೋಂಕಿಲ್ಲದೆಯೇ ಲೋಳೆ ಕಾಣಬಹುದು. ಆಗ ನಾಲ್ಕೂ ಮೊಲೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಒಂದು ಮೊಲೆ ಮಾತ್ರ ಬೇರೆ ಇದ್ದರೆ ಅನುಮಾನಪಡಿ.

ಗೌರಿಗೆ ಹಾಲು ಬತ್ತಿಸುವಾಗ, ವರದಿ ನೋಡಿಯೇ ಡಾಕ್ಟ್ರು ಔಷಧ ಹಾಕಿದರು. ಕರು ಹಾಕಿ ಎರಡು ವಾರ ಕಳೆದ ಮೇಲೆ ಮತ್ತೆ ನೋಡಿದೆ. ಗುಪ್ಪೆ ಇಲ್ಲ, ಆದರೆ ಅದೇ ಮೊಲೆಯಲ್ಲಿ ತೆಳು ಲೋಳೆ ಇನ್ನೂ ಇದೆ. ಈ ರೋಗಾಣು ಸುಲಭಕ್ಕೆ ಬಿಡುವುದಿಲ್ಲ. ಮುಂದಿನ ತಿಂಗಳೂ ಹೀಗೇ ಬಂದರೆ ಇನ್ನೊಂದು ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ. ಅಲ್ಲಿಯವರೆಗೂ ಅವಳನ್ನು ಕರೆಯುವುದು ಕೊನೆಗೇ.