ಡಬ್ಬದ ಮೇಲೆ 5ಜಿ ಅಂತಿದ್ದರೆ ಸಾಲದು

ಕಳೆದ ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗಿನ ಮಾಮಿಯೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಹೊಸ ಫೋನು. ಪರದೆ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. ಮಗ ಅಮೆರಿಕದಿಂದ ತಂದುಕೊಟ್ಟದ್ದು.

"ನೋಡು ಮಾರಾಯ, ಡಬ್ಬದ ಮೇಲೆ ಇಷ್ಟು ದೊಡ್ಡದಾಗಿ 5ಜಿ ಅಂತ ಬರೆದಿದ್ದಾರೆ. ನನಗೆ ಒಂದು ದಿನವೂ 5ಜಿ ಬಂದಿಲ್ಲ. ರಾತ್ರಿ ಮೊಮ್ಮಗಳು ವಿಡಿಯೋ ಕಾಲ್ ಮಾಡಿದರೆ ಮುಖ ಹಾಗೇ ನಿಂತುಬಿಡುತ್ತದೆ" ಅಂದರು.

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಕುಂದಾಪುರದ ಕಡೆಯಿಂದ ಬಂದವನು ನಾನು. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ಶಾಲೆ, ಆಮೇಲೆ ಈ ಕಸುಬು. ನಮ್ಮವರು ಬಹಳ ಜನ ಬರುತ್ತಾರೆ. ಮಾಮಿಯ ದೂರು ನಾನು ವಾರಕ್ಕೆ ಒಂದು ಸಲವಾದರೂ ಕೇಳುವಂಥದ್ದೇ. ಸಿಮ್ ಬದಲಾಯಿಸಿರುತ್ತಾರೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿರುತ್ತಾರೆ, ಟವರಿಗೆ ಬೈದಿರುತ್ತಾರೆ. ಫೋನಿನಲ್ಲಿ ಯಾವ ಬ್ಯಾಂಡ್ ಇದೆ ಅಂತ ಮಾತ್ರ ಯಾರೂ ನೋಡಿರುವುದಿಲ್ಲ.

ಬ್ಯಾಂಡ್ ಅಂದರೆ ಟವರು ಮತ್ತು ಫೋನು ಮಾತಾಡಿಕೊಳ್ಳುವ ಅಲೆಗಳ ಗುಂಪು. ಒಂದೊಂದು ಗುಂಪಿಗೂ ಒಂದೊಂದು ನಂಬರ್ ಕೊಟ್ಟಿದ್ದಾರೆ, 5ಜಿಯದಾದರೆ ನಂಬರಿನ ಮುಂದೆ ಎನ್ ಅಂತಿರುತ್ತದೆ. ಟವರು ಯಾವ ಬ್ಯಾಂಡಿನಲ್ಲಿ ಮಾತಾಡುತ್ತದೋ ಅದು ಫೋನಿನಲ್ಲೂ ಇರಬೇಕು. ಮಾಮಿಯ ಫೋನಿನ ಮಾಡೆಲ್ ನಂಬರ್ ಹಾಕಿ ಹುಡುಕಿದೆ. 5ಜಿಗೆ ಎನ್71, ಎನ್41, ಎನ್66, ಎನ್260, ಎನ್261 ಅಂತ ಸಾಲಾಗಿ ಬಂತು. ನಮ್ಮಲ್ಲಿ ಮುಖ್ಯವಾದದ್ದು ಎನ್78 ಮತ್ತು ಎನ್28. ಎರಡೂ ಇರಲಿಲ್ಲ. 4ಜಿ ನೋಡಿದೆ. ಮಾಮಿಯದು ಜಿಯೋ ಸಿಮ್. ಜಿಯೋ 4ಜಿ ನಡೆಯುವುದು 3, 5, 40 ಈ ಮೂರು ಬ್ಯಾಂಡಿನಲ್ಲಿ. ಅವರ ಫೋನಿನಲ್ಲಿ ಇದ್ದದ್ದು 5 ಒಂದೇ. ಅದು ಸಣ್ಣ ಬ್ಯಾಂಡು. ರಾತ್ರಿ ಒಂಬತ್ತಕ್ಕೆ ಇಡೀ ಬಿಲ್ಡಿಂಗ್ ಫೋನ್ ಹಿಡಿದು ಕೂತಾಗ ಅದರಲ್ಲಿ ಜಾಗ ಎಲ್ಲಿರುತ್ತದೆ? ಮೊಮ್ಮಗಳ ಮುಖ ನಿಲ್ಲುತ್ತಿದ್ದದ್ದು ಅದಕ್ಕೇ.

ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚೆ ಜುಲೈ ಕೊನೆಯಲ್ಲಿ ಸ್ಪೆಕ್ಟ್ರಮ್, ಅಂದರೆ ಈ ಅಲೆಗಳ ಹರಾಜು ನಡೆದಿತ್ತು. ಈಗ ನಮ್ಮಲ್ಲಿ ಹೆಸರು ಕೇಳಿಬರುವ 5ಜಿ ಬ್ಯಾಂಡ್‌ಗಳು ಮೂರು. ಎನ್78 ಅಂದರೆ 3300 ಮೆಗಾಹರ್ಟ್ಜ್ ಕಡೆಯದು. ಜಿಯೋ, ಏರ್‌ಟೆಲ್, ವಿಐ ಮೂವರೂ ಇದನ್ನು ತಗೊಂಡಿದ್ದಾರೆ. ಎನ್28 ಅಂದರೆ 700 ಮೆಗಾಹರ್ಟ್ಜ್. ಆ ಹರಾಜಿನಲ್ಲಿ ಇದನ್ನು ಕೊಂಡದ್ದು ಜಿಯೋ ಮಾತ್ರ. ಎನ್258 ಅಂದರೆ 26 ಗಿಗಾಹರ್ಟ್ಜ್.

ಈ ನಂಬರುಗಳು ತಲೆಗೆ ಹೋಗದಿದ್ದರೆ ಮುಂಬೈಯ ಮಾಟುಂಗದ ಹೂವಿನ ಅಂಗಡಿ ನೆನಪಿಸಿಕೊಳ್ಳಿ. ಅಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾರೆ ಅಲ್ವಾ? 700 ಮೆಗಾಹರ್ಟ್ಜ್‌ನ ಒಂದು ಅಲೆಯ ಉದ್ದ ಹತ್ತಿರ ಹತ್ತಿರ ಒಂದು ಮೊಳ. ಎನ್78ರ ಅಲೆ ಅರ್ಧ ಗೇಣಿಗಿಂತ ಕಮ್ಮಿ, ಎಂಟೊಂಬತ್ತು ಸೆಂಟಿಮೀಟರ್. 26 ಗಿಗಾಹರ್ಟ್ಜ್‌ನದು ಕಿರುಬೆರಳಿನ ಅಗಲ. ಮೊಳದುದ್ದದ ಅಲೆ ದೂರ ಹೋಗುತ್ತದೆ, ಗೋಡೆ ದಾಟಿಕೊಂಡೂ ಬರುತ್ತದೆ. ಆದರೆ ಒಂದೇ ಸಲಕ್ಕೆ ಜಾಸ್ತಿ ಡೇಟಾ ಹೊರುವುದಿಲ್ಲ. ಎನ್78 ಬಹಳ ವೇಗ, ಆದರೆ ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಮಾಟುಂಗದಲ್ಲಿ ನನ್ನ ಗೆಳೆಯನೊಬ್ಬ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾನೆ. ಬಾಗಿಲ ಬಳಿ ಅವನಿಗೆ 5ಜಿ ಪೂರ್ತಿ ಕಡ್ಡಿ ತೋರಿಸುತ್ತದೆ. ಅದೇ ಫೋನ್ ಹಿಡಿದು ಒಳಗೆ ದೋಸೆ ಕಾವಲಿಯವರೆಗೆ ನಡೆದರೆ ಎರಡು ಕಡ್ಡಿ. ಹಿಂದಿನ ಸ್ಟೋರ್ ರೂಮಿಗೆ ಹೋದರೆ 4ಜಿ. ಫೋನ್ ಕೆಟ್ಟಿದೆ ಅಂದುಕೊಂಡು ಅವನು ನನ್ನ ಹತ್ತಿರ ತಂದಿದ್ದ. ಕೆಟ್ಟದ್ದೇನೂ ಇರಲಿಲ್ಲ, ಮಧ್ಯೆ ಮೂರು ಗೋಡೆ ಇದ್ದವು ಅಷ್ಟೆ.

26 ಗಿಗಾಹರ್ಟ್ಜ್ ಇದೆ ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಇಲ್ಲಿ ಮಾರುವ ಐಫೋನ್‌ಗಳಲ್ಲೂ ಅದಿಲ್ಲ. ಅದಿಲ್ಲದೆ ನಿಮಗೇನೂ ನಷ್ಟವಿಲ್ಲ.

ಇನ್ನು ಒಂದು ಮಾತು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಬ್ಯಾಂಡ್ ಸರಿ ಇದ್ದರೂ 5ಜಿ ಬರದೇ ಇರಬಹುದು. ಜಿಯೋ 5ಜಿ ಎಸ್‌ಎ ರೀತಿಯದು, ಅಂದರೆ 4ಜಿಯ ಸಹಾಯವಿಲ್ಲದೆ ತನ್ನ ಕಾಲ ಮೇಲೆ ನಿಲ್ಲುವಂಥದ್ದು. ಏರ್‌ಟೆಲ್ ಶುರು ಮಾಡಿದ್ದು ಎನ್‌ಎಸ್‌ಎ ರೀತಿಯಲ್ಲಿ. ಅದರಲ್ಲಿ ಫೋನು ಮೊದಲು 4ಜಿ ಹಿಡಿದು, ಅದರ ಕೈ ಹಿಡಿದು 5ಜಿಗೆ ಹೋಗುತ್ತದೆ. 2020ರ ಸುಮಾರಿಗೆ ಬಂದ ಕೆಲವು ಫೋನ್‌ಗಳಲ್ಲಿ ಎನ್78 ಇತ್ತು, ಎಸ್‌ಎ ಆನ್ ಆಗಿರಲಿಲ್ಲ. ಅಂಥ ಫೋನ್ ಒಂದನ್ನು ಒಬ್ಬ ಹುಡುಗ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂಬತ್ತು ಸಾವಿರ ಕೊಟ್ಟು ತಂದಿದ್ದ. ನನ್ನ ಏರ್‌ಟೆಲ್ ಸಿಮ್ ಹಾಕಿದೆ, 5ಜಿ ಬಂತು. ಅವನ ಜಿಯೋ ಸಿಮ್ ಹಾಕಿದೆ, 4ಜಿ. ಮಾರಿದವನು ತೋರಿಸುವಾಗಲೂ ತನ್ನ ಸಿಮ್ ಹಾಕಿಯೇ ತೋರಿಸಿದ್ದನಂತೆ. ಊರಿಗೆ ಕಳಿಸಬೇಕಿದ್ದ ದುಡ್ಡು ಅದು. ಆ ಹುಡುಗನ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಇದನ್ನೆಲ್ಲ ಬರೆಯಬೇಕು ಅಂತ ಅನಿಸಿದ್ದೂ ಅವತ್ತೇ.

ಹಾಗಾಗಿ ದುಡ್ಡು ಕೊಡುವ ಮೊದಲು ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಮಾಡೆಲ್ ನಂಬರ್ ಪೂರ್ತಿ ಬರೆದುಕೊಳ್ಳಿ. ಕೊನೆಯ ಅಕ್ಷರವನ್ನೂ ಬಿಡಬೇಡಿ. ಹೆಸರು ಒಂದೇ ಆದರೂ ಅಮೆರಿಕಕ್ಕೆ ಒಂದು, ದುಬೈಗೆ ಒಂದು, ನಮಗೆ ಒಂದು ಅಂತ ಬೇರೆ ಬೇರೆ ಮಾಡುತ್ತಾರೆ. ಆ ವ್ಯತ್ಯಾಸ ಬಹಳ ಸಲ ತಿಳಿಯುವುದು ಕೊನೆಯ ಅಕ್ಷರದಿಂದಲೇ. ಐಫೋನ್ ಆದರೆ ಜನರಲ್, ಅಬೌಟ್, ಅಲ್ಲಿ ಮಾಡೆಲ್ ನಂಬರ್ ಮೇಲೆ ಒಂದು ಸಲ ಒತ್ತಿ. 'ಎ' ಅಕ್ಷರದಿಂದ ಶುರುವಾಗುವ ನಂಬರ್ ಬರುತ್ತದೆ. ನಿಮಗೆ ಬೇಕಾದದ್ದು ಅದು.

ಆ ನಂಬರನ್ನು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಹುಡುಕಿ, ನೆಟ್‌ವರ್ಕ್ ಅಂತಿರುವ ಕಡೆ ಓದಿ. 5ಜಿಯಲ್ಲಿ ಎನ್78, ಎನ್28 ಎರಡೂ ಇರಲಿ, ಎಸ್‌ಎ ಅಂತಲೂ ಬರೆದಿರಲಿ. ಎನ್1, ಎನ್3, ಎನ್5, ಎನ್8, ಎನ್40 ಇದ್ದರೆ ಇನ್ನೂ ಒಳ್ಳೆಯದು. ಇವು ಈಗಿನ 4ಜಿ ಅಲೆಗಳೇ. ಕಂಪನಿಗಳು ಇವನ್ನು 5ಜಿಗೆ ತಿರುಗಿಸಿದರೆ ನಿಮ್ಮ ಫೋನು ಹಿಂದೆ ಬೀಳುವುದಿಲ್ಲ. 4ಜಿಯಲ್ಲಿ 1, 3, 5, 8, 40, 41 ನೋಡಿ. ಊರಿನಲ್ಲಿ ಬಿಎಸ್‌ಎನ್‌ಎಲ್ ಬಳಸುವವರು 4ಜಿಯ 28 ಇದೆಯೇ ಅಂತಲೂ ನೋಡಿಕೊಳ್ಳಿ. ಅವರ 4ಜಿ 700 ಮೆಗಾಹರ್ಟ್ಜ್‌ನಲ್ಲೂ ಇದೆ.

ಹೊರದೇಶದ ಫೋನ್ ಆದರೆ ಇನ್ನೂ ಎರಡು ವಿಷಯ. ಅಲ್ಲಿನ ಕಂಪನಿಗೆ ಲಾಕ್ ಆಗಿದೆಯೇ ಕೇಳಿ. ಮತ್ತೆ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ನಡೆಯುತ್ತದೆಯೇ ಪರೀಕ್ಷೆ ಮಾಡಿ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ವೋಲ್ಟಿ ನಡೆಯದಿದ್ದರೆ ಇಂಟರ್ನೆಟ್ ಬರುತ್ತದೆ, ಮಾಮೂಲಿ ಕರೆ ಮಾಡಲು ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಈ ಮೂರು ದೊಡ್ಡಕ್ಷರ ಬರೆದು, ಒಂದು ಜಾಗ ಬಿಟ್ಟು, ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದ ಫೋನ್ ಅಂತ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲೂ ನೋಡಬಹುದು.

ಆಮೇಲೆ ನಿಮ್ಮದೇ ಸಿಮ್ ಹಾಕಿ. ಮಾರುವವನ ಸಿಮ್ ಬೇಡ. ಅಂಗಡಿಯ ಒಳಗೆ ನಿಲ್ಲಬೇಡಿ, ರಸ್ತೆಗೆ ಬನ್ನಿ. ಏರೋಪ್ಲೇನ್ ಮೋಡ್ ಒಂದು ಸಲ ಹಾಕಿ ತೆಗೆಯಿರಿ. ಎರಡು ನಿಮಿಷ ಕಾಯಿರಿ. 5ಜಿ ಅಂತ ಬಂದರೆ ಅಷ್ಟಕ್ಕೇ ನಂಬಬೇಡಿ, ಒಂದು ದೊಡ್ಡ ವಿಡಿಯೋ ಡೌನ್‌ಲೋಡ್ ಮಾಡಿ ನೋಡಿ. ಎನ್‌ಎಸ್‌ಎಯಲ್ಲಿ ಡೇಟಾ 4ಜಿಯಲ್ಲಿ ಹೋಗುತ್ತಿದ್ದರೂ ಮೇಲೆ 5ಜಿ ಅಂತ ತೋರಿಸುವುದುಂಟು. ಎರಡು ಸಿಮ್ ಇದ್ದರೆ ಎರಡೂ ಜಾಗದಲ್ಲಿ ಪರೀಕ್ಷೆ ಮಾಡಿ.

ಇಷ್ಟೆಲ್ಲ ಸರಿ ಇದ್ದೂ ಬರದಿದ್ದರೆ ಗಾಬರಿ ಬೇಡ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 5ಜಿ ಆರಿಸಿದ್ದೀರಾ ನೋಡಿ. ಐಫೋನ್‌ನಲ್ಲಿ 5ಜಿ ಆಟೋ ಇರಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಇದು ಸುಮ್ನೆ ಹೇಳುವ ಮಾತಲ್ಲ. ಐಫೋನ್ 12, 13, 14ರಲ್ಲಿ ನಮ್ಮ ಬ್ಯಾಂಡ್ ಮೊದಲಿಂದಲೂ ಇತ್ತು, ಆದರೂ ಇಲ್ಲಿ 5ಜಿ ಬಂದದ್ದು 2022ರ ಡಿಸೆಂಬರಿನಲ್ಲಿ ಐಓಎಸ್ 16.2 ಬಂದ ಮೇಲೆ. ರೀಚಾರ್ಜ್ ಕೂಡ ನೋಡಿಕೊಳ್ಳಿ. 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೋ, ಏರ್‌ಟೆಲ್ ಇಬ್ಬರೂ ದಿನಕ್ಕೆ 2 ಜಿಬಿ ಅಥವಾ ಜಾಸ್ತಿ ಇರುವ ಪ್ಲಾನಿಗೆ ಮಾತ್ರ ಅನ್‌ಲಿಮಿಟೆಡ್ 5ಜಿ ಅಂತ ಮಾಡಿದರು. ವಿಐ ಆದರೆ, ಮುಂಬೈಗೆ ಅವರ 5ಜಿ ಬಂದದ್ದೇ 2025ರ ಮಾರ್ಚ್‌ನಲ್ಲಿ. ಹಳೆಯ 4ಜಿ ಸಿಮ್ಮೇ ಸಾಕು, 5ಜಿ ಸಿಮ್ ಅಂತ ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಕೂಡಲೇ ಫೋನ್ ಇಡಿ.

ಫೋನಿನಲ್ಲಿ ಇಲ್ಲದ ಬ್ಯಾಂಡ್ ಹಾಕಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಒಂದೊಂದು ಬ್ಯಾಂಡಿಗೂ ಒಳಗೆ ಅದಕ್ಕೆ ತಕ್ಕ ಫಿಲ್ಟರ್, ಆಂಟೆನಾ ಬೇಕು. ಅಕ್ಕಿಕಾಳಿಗಿಂತ ಸಣ್ಣ ಚೌಕಗಳು ಆ ಫಿಲ್ಟರುಗಳು, ಬೋರ್ಡಿನ ಅಂಚಿನಲ್ಲಿ ಸಾಲಾಗಿ ಕೂತಿರುತ್ತವೆ. ಮಾಮಿಗೆ ಬಿಚ್ಚಿದ ಹಳೆಯ ಬೋರ್ಡ್ ಒಂದನ್ನು ಲೆನ್ಸ್ ಕೆಳಗೆ ಇಟ್ಟು ತೋರಿಸಿದೆ. "ಇಲ್ಲಿ ಜಾಗವೇ ಇಲ್ಲವಲ್ಲ ಮಾರಾಯ" ಅಂದರು. ಅದೇ ಮಾಮಿ, ಕೋಡ್ ಒತ್ತಿದರೆ ಅಲ್ಲಿ ಹೊಸದು ಹುಟ್ಟುವುದಿಲ್ಲ ಅಂದೆ.

ಅವತ್ತು ಅವರ ಸಿಮ್ಮನ್ನು ಅವರ ಹಳೆಯ ಫೋನಿಗೇ ವಾಪಸ್ ಹಾಕಿಕೊಟ್ಟೆ. ಹೊಸದನ್ನು ಮನೆಯ ವೈಫೈಗೆ ಜೋಡಿಸಿದೆ, ವಿಡಿಯೋ ಕಾಲ್ ಈಗ ಅದರಲ್ಲೇ ಚೆನ್ನಾಗಿ ನಡೆಯುತ್ತಿದೆ. ಮಗ ಡಿಸೆಂಬರಿಗೆ ಮತ್ತೆ ಬರುತ್ತಾನಂತೆ. ಈ ಸಲ ಕೊಳ್ಳುವ ಮೊದಲೇ ಮಾಡೆಲ್ ನಂಬರ್ ನನಗೆ ಕಳಿಸಿದ. ನೋಡಿದೆ, ಎನ್78 ಇದೆ, ಎನ್28 ಇದೆ, ಎಸ್‌ಎ ಇದೆ. ಐಫೋನ್ ಅದು, ಅಮೆರಿಕದಲ್ಲಿ ಮಾರುವ ಐಫೋನಿಗೆ 14ನೇ ಮಾಡೆಲ್‌ನಿಂದ ಈಚೆಗೆ ಸಿಮ್ ಟ್ರೇ ಇರುವುದಿಲ್ಲ. ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್ ಮಾಡಿಸಬೇಕು. ಅದಕ್ಕೆ ಒಂದು ದಿನ ಬೆಳಿಗ್ಗೆ, ಗಿರಾಕಿಗಳು ಕಮ್ಮಿ ಇರುವಾಗ ಬನ್ನಿ ಅಂತ ಮಾಮಿಗೆ ಹೇಳಿಟ್ಟಿದ್ದೇನೆ.