ಮಳೆ ಲೆಕ್ಕ ಫೈಲಿಗೆ ಬರೆಯೋಣ: ಸಿ ಕಲಿಯುವವರಿಗೆ

ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಗೆ ಬರೆದಿಡುವುದು ಕೊಡಗಿನ ಕಾಫಿ ತೋಟಗಳ ಹಳೆಯ ರೂಢಿ. ಸಿ ಭಾಷೆಯಲ್ಲಿ ಫೈಲ್ ಅಭ್ಯಾಸಕ್ಕೆ ಇದು ಹೇಳಿಮಾಡಿಸಿದ ಲೆಕ್ಕ. ದಿನಕ್ಕೊಂದೇ ಸಾಲು: ತಾರೀಖು, ಮಳೆ, ಷರಾ. (ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ, ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ.)

ಮೊದಲ ಕೆಲಸ ಫೈಲ್ ತೆರೆಯುವ ಎಫ್‌ಓಪನ್. ಅದಕ್ಕೆ ಫೈಲಿನ ಹೆಸರು, ಮೋಡ್ (ಯಾವ ಕೆಲಸಕ್ಕೆ ತೆರೆಯಬೇಕೆಂಬ ಸೂಚನೆ) ಎರಡನ್ನೂ ಡಬಲ್ ಕೋಟ್‌ನಲ್ಲಿ ಕೊಡಬೇಕು. ಪಠ್ಯಪುಸ್ತಕ ನೋಡಿ ‘ಡಬ್ಲ್ಯು’ ಮೋಡ್ ಹಾಕುವವರೇ ಹೆಚ್ಚು. ಮಾರ್ಚಿನ ಹೂಮಳೆಯಿಂದ ಜೂನಿನವರೆಗೆ ಬರೆದಿಟ್ಟದ್ದೆಲ್ಲ ಆಗ ಫೈಲ್ ತೆರೆದ ಕ್ಷಣಕ್ಕೇ ಅಳಿಸಿಹೋಗುತ್ತದೆ, ಹೊಸದಾಗಿ ಒಂದಕ್ಷರ ಬರೆಯುವ ಮೊದಲೇ. ನಮಗೆ ಬೇಕಾದದ್ದು ‘ಎ’ ಮೋಡ್. ಅದು ಹಳೆಯದರ ಕೊನೆಗೆ ಸೇರಿಸುತ್ತಾ ಹೋಗುತ್ತದೆ.

ಎಫ್‌ಓಪನ್ ಕೊಟ್ಟದ್ದು ನಲ್ (ಫೈಲ್ ತೆರೆಯಲಾಗಲಿಲ್ಲ ಎಂಬ ಗುರುತು) ಆಗಿದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ಆ ಫೋಲ್ಡರೇ ಇಲ್ಲದಿದ್ದರೆ, ಬರೆಯಲು ಅನುಮತಿ ಇಲ್ಲದಿದ್ದರೆ ನಲ್ ಬರುತ್ತದೆ. ವಿಂಡೋಸ್‌ನಲ್ಲಿ ಇನ್ನೊಂದು ತಾಪತ್ರಯವಿದೆ. ಫೋಲ್ಡರ್ ಹೆಸರು ‘ಎನ್’ ಅಕ್ಷರದಿಂದ ಶುರುವಾಗಿ, ಅದರ ಹಿಂದೆ ಒಂದೇ ಬ್ಯಾಕ್‌ಸ್ಲ್ಯಾಶ್ ಇದ್ದರೆ ಸಿ ಅದನ್ನು ಹೊಸ ಸಾಲು ಎಂದು ಓದಿಕೊಳ್ಳುತ್ತದೆ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸರಿಹೋಗುತ್ತದೆ.

ಈಗ ಇನ್‌ಪುಟ್. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್‌ಗೆ ಪರ್ಸೆಂಟ್ ಎಸ್ ಕೊಟ್ಟು ‘ರಾತ್ರಿ ಬಿರುಸು ಮಳೆ’ ಎಂದು ಟೈಪ್ ಮಾಡಿ; ಸಿಗುವುದು ‘ರಾತ್ರಿ’ ಮಾತ್ರ, ಜಾಗ ಬಿಟ್ಟಲ್ಲಿಗೆ ಓದು ನಿಲ್ಲುತ್ತದೆ. ಸ್ಕ್ಯಾನ್‌ಎಫ್‌ನಲ್ಲಿ ಅಂಕಿ ಓದಿ, ಆಮೇಲೆ ಇಡೀ ಸಾಲು ಓದುವ ಎಫ್‌ಗೆಟ್ಸ್‌ನಲ್ಲಿ ಷರಾ ಓದಲು ಹೋದರೆ, ಹಿಂದೆ ಒತ್ತಿದ ಎಂಟರ್ ಇನ್ನೂ ಅಲ್ಲೇ ಕೂತಿರುವುದರಿಂದ ಷರಾ ಖಾಲಿ ಬರುತ್ತದೆ. ಸಾಲು ಓದುವ ಹಳೆಯ ಫಂಕ್ಷನ್ ಗೆಟ್ಸ್ ಅಂತೂ ಬೇಡವೇ ಬೇಡ. ಅದಕ್ಕೆ ಅರೆಯ (array, ಓದಿದ ಅಕ್ಷರಗಳನ್ನು ಇಡುವ ಜಾಗ) ಅಳತೆ ಗೊತ್ತಾಗುವುದಿಲ್ಲ. 2011ರ ಸಿ ಮಾನದಂಡದಲ್ಲಿ ಅದನ್ನು ಕೈಬಿಟ್ಟಾಗಿದೆ. ಮೂರನ್ನೂ ಎಫ್‌ಗೆಟ್ಸ್‌ನಲ್ಲೇ ಓದಿ, ಮಳೆಯ ಅಂಕಿಯನ್ನು ಎಸ್‌ಸ್ಕ್ಯಾನ್‌ಎಫ್ ಮೂಲಕ ಡಬಲ್‌ಗೆ (ದಶಾಂಶ ಸಂಖ್ಯೆ ಇಡುವ ವಿಧ) ಬದಲಿಸಿ. ಅದು 1 ಎಂದು ಉತ್ತರಿಸದಿದ್ದರೆ ಟೈಪ್ ಮಾಡಿದ್ದು ಅಂಕಿಯಲ್ಲ, ಮತ್ತೆ ಕೇಳಿ.

ಎಫ್‌ಗೆಟ್ಸ್ ಎಂಟರನ್ನೂ ಸೇರಿಸಿಕೊಂಡೇ ಓದುತ್ತದೆ. ಅದನ್ನು ತೆಗೆಯದಿದ್ದರೆ ತಾರೀಖು ಒಂದು ಸಾಲಿನಲ್ಲಿ, 3.45 ಇನ್ನೊಂದು ಸಾಲಿನಲ್ಲಿ ಬಿದ್ದು ಫೈಲ್ ಚೂರುಚೂರಾಗುತ್ತದೆ. ಸ್ಟ್ರಿಂಗಿನಲ್ಲಿ ಹೊಸ ಸಾಲಿನ ಗುರುತು ಎಲ್ಲಿದೆ ಎಂದು ಹುಡುಕಿ, ಆ ಜಾಗಕ್ಕೆ ಸ್ಟ್ರಿಂಗ್ ಮುಗಿಯಿತು ಎಂಬ ಗುರುತಾದ ಸೊನ್ನೆ ಇಡಿ. ಆಮೇಲೆ ಎಫ್‌ಪ್ರಿಂಟ್‌ಎಫ್‌ನಲ್ಲಿ ಮೂರನ್ನೂ ಲಂಬ ಗೆರೆಯಿಂದ ಬೇರ್ಪಡಿಸಿ ಬರೆದು, ಕೊನೆಗೆ ಹೊಸ ಸಾಲು ಹಾಕಿ. ಷರಾದೊಳಗೇ ಅಲ್ಪವಿರಾಮ ಬರಬಹುದಾದ್ದರಿಂದ ಅದನ್ನು ಗಡಿಯಾಗಿ ಬಳಸಬೇಡಿ.

ಎಫ್‌ಪ್ರಿಂಟ್‌ಎಫ್ ಬರೆದದ್ದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ, ಮೆಮೊರಿಯ ಬಫರ್‌ನಲ್ಲಿ ನಿಂತಿರುತ್ತದೆ. ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಆ ಸಾಲೂ ಹೋಯಿತು. ದಿನಕ್ಕೊಂದೇ ಸಾಲು ತಾನೇ? ತೆರೆಯಿರಿ, ಬರೆಯಿರಿ, ಎಫ್‌ಕ್ಲೋಸ್ ಮಾಡಿಬಿಡಿ. ಎಫ್‌ಕ್ಲೋಸ್ ಸೊನ್ನೆ ಕೊಡದಿದ್ದರೆ ಬರೆದದ್ದು ಪೂರ್ತಿ ಸೇರಿಲ್ಲ ಎಂದರ್ಥ. ಪೆನ್‌ಡ್ರೈವ್ ತುಂಬಿದೆಯೇ ನೋಡಿ.

ಲಿನಕ್ಸ್‌ನಲ್ಲಿ ಷರಾವನ್ನು ಕನ್ನಡದಲ್ಲೇ ಬರೆಯುವುದಾದರೆ ಅರೆ ದೊಡ್ಡದಿರಲಿ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಅಕ್ಷರಕ್ಕೆ 3 ಬೈಟ್, ಅದರ ಸ್ವರಚಿಹ್ನೆಗೆ ಮತ್ತೆ 3. ‘ಮಡಿಕೇರಿ’ ಕಣ್ಣಿಗೆ ನಾಲ್ಕೇ ಅಕ್ಷರ, ಆದರೆ ಅದಕ್ಕೆ 21 ಬೈಟ್ ಬೇಕು. 20 ಬೈಟಿನ ಅರೆಯಲ್ಲಿ ಊರಿನ ಹೆಸರು ಕೊನೆಗೆ ತುಂಡಾಗುತ್ತದೆ, ಉಳಿದ ಬೈಟ್‌ಗಳು ಮುಂದಿನ ಪ್ರಶ್ನೆಗೆ ಉತ್ತರವಾಗಿ ನುಗ್ಗುತ್ತವೆ.