ಕಾರವಾರದ ಮಳೆಗಾಲಕ್ಕೆ 1963ರ ಪತ್ರಿಕೆ ಉಳಿಸುವುದು ಹೇಗೆ

ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಸುದ್ದಿಯಿರುವ ಹಳೆಯ ಪತ್ರಿಕೆಯನ್ನು ಶಾಲೆಯಲ್ಲೋ ವಾಚನಾಲಯದಲ್ಲೋ ಪ್ರದರ್ಶನಕ್ಕಿಡುವುದಾದರೆ ಮೊದಲು ತಾರೀಖು ನೋಡಿ. ಡಲ್ಲಾಸ್‌ನಲ್ಲಿ ಗುಂಡು ಹಾರಿದ್ದು ನವೆಂಬರ್ 22ರ ಮಧ್ಯಾಹ್ನ 12.30ಕ್ಕೆ, ನಮ್ಮಲ್ಲಿ ಆಗ ನಡುರಾತ್ರಿ. 23ರ ಸಂಚಿಕೆಯಲ್ಲಿ ಸುದ್ದಿ ಇಲ್ಲದಿದ್ದರೆ 24ರದ್ದನ್ನು ಹುಡುಕಿ. ಗುಂಡು ಹಾರಿದ ಕಟ್ಟಡದ ಆರನೇ ಮಹಡಿಯೇ 1989ರಿಂದ ಮ್ಯೂಸಿಯಂ. ವಿವರಣೆಯ ಚೀಟಿಯಲ್ಲಿ ಇದನ್ನೂ ಬರೆಯಬಹುದು.

ಪತ್ರಿಕೆಯ ಕಾಗದದಲ್ಲಿ ಮರದ ನಾರನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ವಸ್ತು ಹೆಚ್ಚು. ಬೆಳಕು, ಗಾಳಿ ತಗುಲಿದಂತೆ ಆಮ್ಲವಾಗಿ ಹಳದಿಗಟ್ಟಿ, ಮಡಿಕೆಯಲ್ಲೇ ಮುರಿಯುತ್ತದೆ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ: ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪ್ ಕಂದು ಕಲೆ ಬಿಡುತ್ತದೆ. ಮೊದಲು 400 ಡಿಪಿಐನಲ್ಲಿ (ಇಂಚಿಗೆ 400 ಚುಕ್ಕಿ) ಸ್ಕ್ಯಾನ್ ಮಾಡಿ. ಗೋಡೆಗೆ ಪ್ರತಿಯನ್ನು ಹಾಕಿ. ಮೂಲವನ್ನು ಮಡಿಕೆ ಬಿಡಿಸಿ, ಆಮ್ಲರಹಿತ ರಟ್ಟಿನ ಮೇಲಿಟ್ಟು ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ ಮಲಗಿಸಿ. ಪಿವಿಸಿ ಫೈಲ್ ಬೇಡ.

ನಿಜವಾದ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ತೇವಾಂಶ ಶೇ. 65 ದಾಟಿದರೆ ಬೂಷ್ಟಿಗೆ ಹಬ್ಬ. ಕಪಾಟಿನಲ್ಲೊಂದು ತೇವಾಂಶ ಅಳೆಯುವ ಹೈಗ್ರೋಮೀಟರ್ ಇಡಿ, ಶೇ. 50ರ ಆಸುಪಾಸು ಸಾಕು. ಕಪಾಟನ್ನು ಹೊರಗಿನ ಚಿರೆಕಲ್ಲಿನ ಗೋಡೆಗೆ ತಾಗಿಸದೆ ನಾಲ್ಕು ಇಂಚು ಬಿಡಿ, ಮಳೆನೀರು ಹೀರಿದ ಕಲ್ಲು ದಿನಗಟ್ಟಲೆ ತಂಪು ಕಾರುತ್ತಲೇ ಇರುತ್ತದೆ. ಲಕೋಟೆಯನ್ನು ಡಬ್ಬಿಯಲ್ಲಿಟ್ಟು ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ, ಅದು ಕಿತ್ತಳೆಯಿಂದ ಹಸಿರಾದರೆ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಿ. ಡಬ್ಬಿಯ ಬಾಯಿ ಸಡಿಲವಿದ್ದರೆ ಅದೂ ದಂಡ. ಒದ್ದೆಯಾದ ಹಾಳೆಯನ್ನು ಹಪ್ಪಳದಂತೆ ಬಿಸಿಲಿಗೆ ಹರವಬೇಡಿ. ನೆರಳಲ್ಲಿ, ಫ್ಯಾನಿನ ಕೆಳಗೆ, ಬ್ಲಾಟಿಂಗ್ ಕಾಗದದ ಮೇಲೆ ಆರಲಿ.